ನಲವತ್ತೆಂಟರ ಅಮ್ಮಾಯಿ

ಮೊನ್ನೆ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುವಾಗ ಬಸ್ಸಿನ ಕಂಡಕ್ಟರು, “ಅಜ್ಜೀ, ಒಂಚೂರು ಒಳಕ್ ಸರ್ಕೊಳ್ರಿ” ಅಂದ. ನಾನು ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಯಾವ ಅಜ್ಜಿಯೂ ಇರಲಿಲ್ಲ. ಎರಡು ಮೂಟೆ ಈರುಳ್ಳಿ ಇತ್ತು, ಅದರ ಮೇಲೆ ತೂಕಡಿಸುತ್ತಾ ಒಬ್ಬ ಪೊಲೀಸು ಕೂತಿದ್ದ. ಕೂದಲಿಗೆ ಬಣ್ಣ ಹಚ್ಚುವುದನ್ನು ನಾನು ಬಿಟ್ಟದ್ದು ನಿಜ. ಆದರೆ ಐವತ್ತು ತುಂಬಲು ಇನ್ನೂ ಆರು ತಿಂಗಳಿದೆಯಪ್ಪಾ ಅಂತ ಆ ಕಂಡಕ್ಟರಿಗೆ ಹೇಳುವುದು ಹೇಗೆ? ಸುಮ್ಮನೆ ಸರಿದೆ.

ಹೆಣ್ಣಿನ ಬಾಳಿನಲ್ಲಿ ಈ ಕರೆಯುವ ಹೆಸರುಗಳದ್ದೇ ಒಂದು ಪ್ರಯಾಣ. ಮೊದಲು ಪಾಪು, ಆಮೇಲೆ ಅಕ್ಕ. ಒಂದು ದಿನ ತರಕಾರಿ ಅಂಗಡಿಯಲ್ಲಿ ಆಗಷ್ಟೇ ಮೀಸೆ ಮೂಡಿದವನೊಬ್ಬ ‘ಆಂಟಿ’ ಅನ್ನುತ್ತಾನೆ. ಆವತ್ತು ಮನೆಗೆ ಬಂದು ಕನ್ನಡಿ ನೋಡಿಕೊಂಡು ಗಂಡನ ಮೇಲೆ ರೇಗುತ್ತೇವೆ. ಅದಾದ ಮೇಲೆ ಅಮ್ಮ, ಅದಾದ ಮೇಲೆ ಇದು. ಈ ಬಸ್ಸಿಗೆ ರಿವರ್ಸ್ ಗೇರ್ ಇಲ್ಲ ಅಂತ ಎಲ್ಲರೂ ತಿಳಿದಿರುತ್ತಾರೆ. ನನಗೆ ಮಾತ್ರ ಒಂದು ಸಲ ಬಿದ್ದಿತ್ತು. ಸುಮ್ಮನೆ ಅಲ್ಲ, ಒಂದು ಇಡೀ ದೇಶದ ಜನ ಸೇರಿ ನನ್ನನ್ನು ಹಿಂದಕ್ಕೆ ತಳ್ಳಿದ್ದರು. ಬಸ್ಸು ಚಳ್ಳಕೆರೆ ಮುಟ್ಟುವವರೆಗೆ ನಾನು ಅದನ್ನೇ ನೆನೆದು ಒಬ್ಬಳೇ ನಗುತ್ತಾ ಕೂತಿದ್ದೆ. ಪೊಲೀಸು ಎದ್ದು ಬೇರೆ ಕಡೆ ಹೋಗಿ ಕೂತ.

ನಾನು ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯ ಲ್ಯಾಬಿನಲ್ಲಿದ್ದೇನೆ. ಲ್ಯಾಬು ಅಂದ ಕೂಡಲೇ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಒಂದು ಮೇಜು, ಒಂದು ಪುಟ್ಟ ತಕ್ಕಡಿ, ನಾಲ್ಕು ಗಾಜಿನ ಬುಡ್ಡಿ, ತೇವ ಅಳೆಯುವ ಒಂದು ಮೀಟರು, ಮತ್ತು ನಾನು. ಬಂದ ಶೇಂಗಾ ಒಣಗಿದೆಯೋ ಹಸಿಯೋ, ಬೂಷ್ಟು ಹಿಡಿದಿದೆಯೋ ಇಲ್ಲವೋ ಅಂತ ನೋಡಿ ಹೇಳುವುದು ನನ್ನ ಕೆಲಸ. ಒಂದೂವರೆ ವರ್ಷದ ಕೆಳಗೆ ಒಂದು ದಿನ ನಮ್ಮ ಸಾಹುಕಾರರು ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದರು.

“ಗಿರಿಜಮ್ಮಾ, ನಿಮ್ಹತ್ರ ಪಾಸ್‌ಪೋರ್ಟ್ ಐತಂತೆ, ಹೌದೇನ್ರೀ?”

“ಐತ್ರಿ. ಯಾಕ್ರಿ?”

“ಹಂಗಾದ್ರೆ ಮೂರು ತಿಂಗ್ಳು ಮಲಾವಿಗೆ ಹೋಗಿ ಬರ್ತೀರಾ?”

ನನಗೆ ಕೇಳಿಸಿದ್ದು ಮಳವಳ್ಳಿ. “ಮಳವಳ್ಳಿಗೆ ಹೋಗಾಕೆ ಪಾಸ್‌ಪೋರ್ಟ್ ಯಾಕ್ರಿ ಸಾಹುಕಾರ್ರೇ? ಬಸ್ಸು ಐತಲ್ಲ” ಅಂದೆ. ಅವರು ನಕ್ಕು ನಕ್ಕು ಬಾಗಿಲು ಹಿಡಿದುಕೊಂಡರು. ಆಮೇಲೆ ಬಿಡಿಸಿ ಹೇಳಿದರು. ಮಲಾವಿ ಆಫ್ರಿಕಾದಲ್ಲಿದೆ. ಅಲ್ಲಿ ಅವರಿಗೆ ಪರಿಚಯದ ಸೇಠ್ ಒಬ್ಬರು ಹೊಸದಾಗಿ ಶೇಂಗಾ ಎಣ್ಣೆಯ ಗಿರಣಿ ಹಾಕಿದ್ದಾರೆ. ಕಾಯಿ ನೋಡುವುದನ್ನು ಅಲ್ಲಿಯ ಹುಡುಗಿಯೊಬ್ಬಳಿಗೆ ಕಲಿಸಿ ಕೊಡಬೇಕು. ಗಿರಣಿಯಲ್ಲಿ ನನಗಿಂತ ಬಲ್ಲವರು ಇಬ್ಬರಿದ್ದರು, ಅವರಿಗೆ ಪಾಸ್‌ಪೋರ್ಟ್ ಇರಲಿಲ್ಲ. ನನಗಿತ್ತು. ಹಿಂದೊಮ್ಮೆ ನನ್ನ ಗಂಡನ ಶಾಲೆಯ ಮೇಷ್ಟ್ರುಗಳೆಲ್ಲ ಹೆಂಡತಿಯರ ಸಮೇತ ಶ್ರೀಲಂಕಾ ಪ್ರವಾಸ ಅಂತ ಹೊರಟು, ಎಲ್ಲರಿಗೂ ಪಾಸ್‌ಪೋರ್ಟ್ ಮಾಡಿಸಿ, ಕೊನೆಗೆ ಏರ್‌ಪೋರ್ಟಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಯಾರು ಕೂರಬೇಕು ಅನ್ನುವ ಜಗಳದಲ್ಲಿ ಪ್ರವಾಸವೇ ಮುರಿದು ಬಿದ್ದಿತ್ತು. ಆ ಜಗಳದ ಫಲವಾಗಿ ನಾನು ಆಫ್ರಿಕಾಕ್ಕೆ ಹೊರಟೆ.

ನನ್ನ ಗಂಡ ಪಿ.ಟಿ. ಮೇಷ್ಟ್ರು. ಜಗತ್ತಿನ ಹವಾಮಾನವೆಲ್ಲ ಅವರಿಗೆ ಗೊತ್ತು. ನಾನು ಸ್ವೆಟರ್ ಮಡಚಿ ಪೆಟ್ಟಿಗೆಯಲ್ಲಿಟ್ಟರೆ ತೆಗೆದು ಹೊರಗೆ ಹಾಕಿದರು. “ಆಫ್ರಿಕಾ ಅಂದ್ರೆ ಬೆಂಕಿ ಬಿಸ್ಲು ಕಣೇ. ಸ್ವೆಟರ್ ಹಾಕ್ಕೊಂಡು ಇಳಿದ್ರೆ ಜನ ನಗ್ತಾರೆ.” ಸ್ವೆಟರಿನ ಜಾಗದಲ್ಲಿ ನಾನು ಮೂರು ಡಬ್ಬಿ ಶೇಂಗಾ ಚಟ್ನಿಪುಡಿ ತುಂಬಿದೆ. ನಾವು ಮಾಂಸ ತಿನ್ನದವರು. ಅಲ್ಲಿ ಏನು ಸಿಗುತ್ತದೋ ಏನೋ.

ಹೊರಡುವ ಮೊದಲು ಅವ್ವನನ್ನು ನೋಡಲು ಮೊಳಕಾಲ್ಮೂರಿಗೆ ಹೋದೆ. ಅವ್ವ ಅಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಅವಳ ತವರು ರಾಯದುರ್ಗದ ಕಡೆ. ಪ್ರೀತಿ ಬಂದರೆ ತೆಲುಗು, ಸಿಟ್ಟು ಬಂದರೂ ತೆಲುಗು, ಕನ್ನಡವೇನಿದ್ದರೂ ನಡುವಿನ ಮಾತಿಗೆ. ಚಿಕ್ಕಂದಿನಲ್ಲಿ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಅಮ್ಮಾಯೀ’ ಅಂತ ಕೂಗಿದರೆ ಬೀದಿಯ ಆಚೆ ತುದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದವಳು ಲಂಗ ಎತ್ತಿಕೊಂಡು ಓಡಿ ಬರುತ್ತಿದ್ದೆ. ತೆಲುಗಿನಲ್ಲಿ ಅಮ್ಮಾಯಿ ಅಂದರೆ ಹುಡುಗಿ. ಮದುವೆಯ ದಿನ ಆ ಕರೆ ನಿಂತುಹೋಯಿತು. ಮರುದಿನದಿಂದ ನಾನು ‘ಗಿರಿಜ’. ಗಂಡನ ಮನೆಗೆ ಹೋಗುವ ಹೆಂಗಸನ್ನು ಹುಡುಗಿ ಅನ್ನಬಾರದು ಅಂತ ಅವಳಿಗೆ ಯಾರು ಹೇಳಿದ್ದರೋ.

ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ, ಮಲಾವಿಯ ರಾಜಧಾನಿ ಲಿಲಾಂಗ್ವೆಯಲ್ಲಿ ಇಳಿದಾಗ ಮಧ್ಯಾಹ್ನ. ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿದರು. ನೆಟ್ಟಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೂರು ಡಬ್ಬಿಗಳನ್ನೂ ಸಾಲಾಗಿ ಇಟ್ಟು ಇಂಗ್ಲಿಷಿನಲ್ಲಿ ಕೇಳಿದರು.

“ಇದೇನು?”

“ಶೇಂಗಾ ಪುಡಿ” ಅಂದೆ, ನನ್ನ ಚಳ್ಳಕೆರೆ ಇಂಗ್ಲಿಷಿನಲ್ಲಿ.

“ಶೇಂಗಾ? ನೀವು ಮಲಾವಿಗೆ ಶೇಂಗಾ ಹೊತ್ತುಕೊಂಡು ಬಂದಿರಾ?”

ಅವರು ಪಕ್ಕದ ಕೌಂಟರಿನವರನ್ನು ಕರೆದರು. ಅವರು ಇನ್ನಿಬ್ಬರನ್ನು ಕರೆದರು. ನಾಲ್ವರು ಅಧಿಕಾರಿಗಳು ನಿಂತು ಚಳ್ಳಕೆರೆಯ ಶೇಂಗಾವನ್ನು ಹೆಣ್ಣು ನೋಡಲು ಬಂದವರಂತೆ ನೋಡಿದರು. ಮೊದಲಿನವರು ಮುಚ್ಚಳ ತೆಗೆದು ಗಂಭೀರವಾಗಿ ಮೂಸಿದರು. ನಮ್ಮನೆಯ ಚಟ್ನಿಪುಡಿಗೆ ಹಾಕುವುದು ಬ್ಯಾಡಗಿಯಲ್ಲ, ಗುಂಟೂರು ಮೆಣಸಿನಕಾಯಿ. ಏಳು ಸೀನು ಬಂದವು, ನಾನು ಎಣಿಸಿದೆ. ಸೀನು ನಿಂತ ಮೇಲೆ ಅವರು ಕಣ್ಣೊರೆಸಿಕೊಂಡು, ಮುಚ್ಚಳ ಬಿಗಿಯಾಗಿ ಹಾಕಿ, ಡಬ್ಬಿಗಳನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು ಹೇಳಿದರು.

“ಇನ್ನು ಹೋಗಬಹುದು, ಅಮಾಯಿ. ನಮ್ಮ ದೇಶಕ್ಕೆ ಸ್ವಾಗತ.”

ಅಮ್ಮಾಯಿ! ನಾನು ನಿಂತಲ್ಲೇ ನಿಂತೆ. ಇಪ್ಪತ್ತೈದು ವರ್ಷದಿಂದ ಯಾರೂ ಅನ್ನದ ಮಾತು. ಹುಡುಗೀ, ನಮ್ಮ ದೇಶಕ್ಕೆ ಸ್ವಾಗತ! ಮುಖ ಬೆಚ್ಚಗಾಯಿತು. ಪೆಟ್ಟಿಗೆಯ ಚೈನು ಹಾಕುವುದನ್ನು ಮರೆತು ಎಳೆದುಕೊಂಡು ಹೊರಟು, ಬಾಗಿಲವರೆಗೂ ಸೀರೆ ಚೆಲ್ಲುತ್ತಾ ಹೋದೆ.

ಹೊರಗೆ ಎತ್ತರದ ಮನುಷ್ಯರೊಬ್ಬರು ‘ಗಿರಿಜಾ ಚಳ್ಳಕೆರೆ’ ಅಂತ ಇಂಗ್ಲಿಷಿನಲ್ಲಿ ಬರೆದ ರಟ್ಟು ಹಿಡಿದು ನಿಂತಿದ್ದರು. ಗಿರಣಿಯ ಮೇಲ್ವಿಚಾರಕರು, ಡ್ರೈವರ್ ಕೂಡ ಅವರೇ. ಎದೆ ಮುಟ್ಟಿಕೊಂಡು “ಐ ಆಮ್ ಬಂದ” ಅಂದರು. ಎರಡು ಮಾತು ಇಂಗ್ಲಿಷು, ಮೂರನೆಯದು ಕನ್ನಡ! ಬಂದದ್ದು ಕಾಣುತ್ತದಲ್ಲ ಅಂದುಕೊಂಡೆ. ಬಂದ ಅನ್ನುವುದು ಅವರ ಮನೆತನದ ಹೆಸರು, ಅಲ್ಲಿ ಹತ್ತರಲ್ಲೊಬ್ಬರು ಬಂದ ಅಂತ ಆಮೇಲೆ ತಿಳಿಯಿತು. ಮುಟ್ಟಿದ ಸುದ್ದಿ ತಿಳಿಸಲು ಫೋನು ಮಾಡಿದಾಗ ಮೇಷ್ಟ್ರು ಕೇಳಿದರು.

“ಏರ್‌ಪೋರ್ಟಿಗೆ ಯಾರು ಬಂದಿದ್ರು?”

“ಬಂದ ಬಂದಿದ್ರು.”

“ಅದೇ, ಯಾರು ಬಂದಿದ್ರು?”

“ಬಂದ.”

“ಬಂದೋರು ಯಾರೇ ಅಂದ್ರೆ!”

“ಬಂದೋರೇ ಬಂದ ಕಣ್ರೀ!”

“ಮೊದ್ಲು ನಿದ್ದೆ ಮಾಡು. ತಲೆ ತಿರುಗೈತೆ ನಿಂಗೆ” ಅಂತ ಫೋನು ಇಟ್ಟರು.

ಫಾರಿನ್ ಅಂದರೆ ಗಾಜಿನ ಕಟ್ಟಡ, ಹಿಮ, ಕೋಟು ಹಾಕಿದ ನಾಯಿ ಅಂತ ನನ್ನ ಮನಸ್ಸಿನಲ್ಲಿತ್ತು. ಕಾರಿನ ಕಿಟಕಿಯಲ್ಲಿ ಕಂಡದ್ದು ಕೆಂಪು ಮಣ್ಣು. ಹುತ್ತ. ಸೈಕಲ್ಲಿನ ಮೇಲೆ ಸೌದೆ. ತಲೆಯ ಮೇಲೆ ಮೂಟೆ ಹೊತ್ತು, ಕೈ ಬೀಸಿಕೊಂಡು ಮಾತಾಡುತ್ತಾ ಹೋಗುವ ಹೆಂಗಸರು. ಮೇಲೆ, ನಮ್ಮೂರ ಹತ್ತಿರದ ವರವು ಕಾವಲಿನ ಹುಲ್ಲುಗಾವಲಿನಲ್ಲಿ ನಿಂತಾಗ ಕಾಣುತ್ತದಲ್ಲ, ಅಂಚೇ ಇಲ್ಲದ ಆಕಾಶ, ಅದೇ. ಅಷ್ಟು ದೂರ ಹಾರಿ ಬಂದು ನಮ್ಮ ಪಕ್ಕದ ಹಳ್ಳಿ ನನ್ನಿವಾಳದ ಹತ್ತಿರ ಇಳಿದೆನೇನೋ ಅನ್ನಿಸಿತು. ಹೊಲದಲ್ಲಿ ಕಿತ್ತು ತಲೆಕೆಳಗಾಗಿ ಒಣಗಲು ಇಟ್ಟ ಶೇಂಗಾ ಗಿಡ ಕಂಡಾಗಂತೂ “ನಿಲ್ಸಿ, ನಿಲ್ಸಿ” ಅಂತ ಕನ್ನಡದಲ್ಲೇ ಕೂಗಿದೆ. ಬಂದ ಅವರು ಗಾಬರಿಯಿಂದ ಬ್ರೇಕ್ ಒತ್ತಿದರು. ನಾನು ಇಳಿದು, ಬೇಲಿಯ ಪಕ್ಕ ಬಿದ್ದಿದ್ದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಬಂದು ಕೂತೆ. ಅವರು “ಬೆಲ್ಟು ಹಾಕಿಕೊಳ್ಳಿ, ಅಮಾಯಿ” ಅಂದರು, ಅಷ್ಟೇ. ಇವರೂ ಅಂದರು!

ಸಂಜೆಗೆ ಚಳಿ ಹಿಡಿಯಿತು. ಅದು ಅಲ್ಲಿಯ ಚಳಿಗಾಲ. ನಾನು ಎರಡು ಸೀರೆಯ ಮೇಲೆ ಟವೆಲ್ಲು ಸುತ್ತಿಕೊಂಡು ಮೇಷ್ಟ್ರ ಹವಾಮಾನ ಜ್ಞಾನಕ್ಕೆ ಕೈ ಮುಗಿದೆ. ಬಂದ ಅವರ ಹೆಂಡತಿ ಒಂದು ಕಂಬಳಿ ಕಳಿಸಿದರು. “ಅಮಾಯಿಗೆ ಕೊಡಿ” ಅಂದರಂತೆ.

ಮರುದಿನದಿಂದ ಊರಿಗೆ ಊರೇ ಅನ್ನತೊಡಗಿತು. ಗೇಟಿನ ಕಾವಲಿನವರು ಅಮಾಯಿ ಅಂದರು, ಹಣ್ಣು ಮಾರುವವಳು ಅಮಾಯಿ ಅಂದಳು. ನನ್ನ ಕೈಕೆಳಗೆ ಕೆಲಸ ಕಲಿಯಲು ಬಂದ ಇಪ್ಪತ್ತೆರಡರ ಹುಡುಗಿ ಮರ್ಸಿ ಕೂಡ ಅಮಾಯಿ ಅಂದಳು. ನಾನು ಬಿ.ಎಸ್ಸಿ. ಓದಿದವಳು, ಆ ಮಾತಿನ ಅರ್ಥವೇನು ಅಂತ ಒಬ್ಬರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಹಿತವಾದ ತಪ್ಪನ್ನು ಯಾರು ಕೈಯಾರೆ ತಿದ್ದಿಕೊಳ್ಳುತ್ತಾರೆ, ಹೇಳಿ? ತುರುಬು ಬಿಚ್ಚಿ ಜಡೆ ಹಾಕಿದೆ. ಬೇಲಿಯ ಕಾಗದದ ಹೂವು ಕಿತ್ತು ಮುಡಿದೆ. ಲ್ಯಾಬಿನ ಮೂರು ಮೆಟ್ಟಿಲನ್ನು ಎರಡೇ ಹೆಜ್ಜೆಗೆ ಹತ್ತಿದೆ. ಮಧ್ಯಾಹ್ನ ಮರ್ಸಿ ತನ್ನ ಬುತ್ತಿ ಬಿಚ್ಚಿದಳು. ಒಳಗೆ ಬಿಳೀ ಮುದ್ದೆ! ಮೆಕ್ಕೆಜೋಳದ ಹಿಟ್ಟಿನದು, ನ್ಸಿಮಾ ಅನ್ನುತ್ತಾರೆ. ಜೊತೆಗೆ ಶೇಂಗಾ ಪುಡಿ ಹಾಕಿ ಬೇಯಿಸಿದ ಸೊಪ್ಪು. ನಾನು ಒಂದು ತುತ್ತು ಮುರಿದು, ಸೊಪ್ಪಿಗೆ ಅದ್ದಿ, ನಮ್ಮ ರಾಗಿ ಮುದ್ದೆಯಂತೆ ಗುಳುಕ್ಕನೆ ನುಂಗಿದೆ. ಮರ್ಸಿ ಎದ್ದು ನಿಂತು ನನ್ನ ಬೆನ್ನಿಗೆ ಗುದ್ದತೊಡಗಿದಳು. “ಅಗಿಯಬೇಕು, ಅಮಾಯಿ! ಅಗಿಯಬೇಕು!”

ಈ ಖುಷಿಯನ್ನು ಒಬ್ಬಳೇ ಇಟ್ಟುಕೊಳ್ಳಲಾಗದೆ ಅವ್ವನಿಗೆ ಫೋನು ಮಾಡಿದೆ.

“ಅವ್ವಾ, ಇಲ್ಲಿ ನನ್ನ ಅಮ್ಮಾಯಿ ಅಂತಾರೆ ಕಣವ್ವಾ.”

ಆ ಕಡೆಯಿಂದ ತೆಲುಗು ಬಂತು. “ಎವರೇ ವಾಡು?” ಯಾವನೇ ಅವನು, ಅಂತ.

“ಒಬ್ರಲ್ಲವ್ವ, ಊರಿಗೂರೇ ಅಂತೈತೆ.”

“ಊರಿಗೂರೇ ಅಂದ್ರೆ ಇನ್ನೂ ಕೆಟ್ಟದ್ದು! ತಲೆ ತುಂಬ ಸೆರಗು ಹೊದ್ಕೊ. ಅಳಿಯಂದ್ರಿಗೆ ಹೇಳ್ಬ್ಯಾಡ.”

ನಾಲ್ಕನೆಯ ದಿನ ಹಳ್ಳಿಯ ಹನ್ನೆರಡು ಹೆಂಗಸರು ಒಂದು ಲಾರಿಯಲ್ಲಿ ತಮ್ಮ ಶೇಂಗಾ ಮೂಟೆ ಹಾಕಿಕೊಂಡು ಬಂದರು. ಅವರ ಮುಂದಾಳು ಫಿರಿ ಅನ್ನುವ ಮುದುಕಿ. ಎಪ್ಪತ್ತರ ಮೇಲಿನವಳು, ಬಾಯಲ್ಲಿ ನಾಲ್ಕು ಹಲ್ಲು, ನಡಿಗೆ ಮಾತ್ರ ಸಿಪಾಯಿಯದು. ಬಂದ ಅವರು ಆ ಮುದುಕಿಗೆ ತಲೆ ಬಾಗಿಸಿ, “ಅಮಾಯಿ” ಅಂದರು. ನನಗೆ ಬಹಳ ಹಿಡಿಸಿತು. ಎಂಥ ದೇಶ ನೋಡಿ, ಇಲ್ಲಿ ಯಾರಿಗೂ ವಯಸ್ಸೇ ಆಗುವುದಿಲ್ಲ! ಎಪ್ಪತ್ತಾದರೂ ಹುಡುಗಿಯೇ! ಹಾಗಂತ ಊರಿನಲ್ಲಿದ್ದ ನನ್ನ ಮಗಳಿಗೆ ಒಂದು ಮೆಸೇಜ್ ಕೂಡ ಕಳಿಸಿದೆ.

ಮೀಟರಿಗೆ ಹಾಕುವ ಬ್ಯಾಟರಿ ಇನ್ನೂ ಬಂದಿರಲಿಲ್ಲ. ಹಾಗಾಗಿ ನಮ್ಮ ಮಾರ್ಕೆಟ್ಟಿನ ಹಳೇ ವಿದ್ಯೆಯನ್ನೇ ತೆಗೆದೆ. ಮೂಟೆಯ ತಳಕ್ಕೆ ಕೈ ಹಾಕಿ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಣಗಿದ ಕಾಯಿ ಗಿಲಕಿಯ ಹಾಗೆ ಲೊಟಲೊಟ ಅನ್ನುತ್ತದೆ. ಇವು ಮೂಕ. ಒಡೆದು ಮೂಸಿದೆ. ಹಸಿ ವಾಸನೆ, ಅಲ್ಲಲ್ಲಿ ಬೂಷ್ಟಿನ ಹಸಿರು. ಬೂಷ್ಟು ಹಿಡಿದ ಶೇಂಗಾ ವಿಷ, ಅದರಲ್ಲಿ ಮಾತಿಲ್ಲ. ಹನ್ನೆರಡು ಜನರೂ ನನ್ನ ಮುಖ ನೋಡುತ್ತಿದ್ದರು. ನಾನು ತಲೆ ಅಲ್ಲಾಡಿಸಿ ‘ಆಗುವುದಿಲ್ಲ’ ಅಂದೆ.

ಫಿರಿ ಮುದುಕಿ ಎರಡು ಹೆಜ್ಜೆ ಮುಂದೆ ಬಂದು, ಮಂಡಿ ಊರಿ, ಎರಡೂ ಕೈ ಜೋಡಿಸಿ ಏನೋ ಹೇಳಿದಳು. ಮಾತಿನ ನಡುವೆ ಎರಡು ಸಲ ‘ಅಮಾಯಿ’ ಬಂತು.

“ಏನಂತಾರೆ?” ಅಂತ ಮರ್ಸಿಯನ್ನು ಕೇಳಿದೆ.

“ತಾಯೀ, ಇನ್ನೊಂದು ಸಲ ನೋಡು ತಾಯೀ, ಅಂತ.”

“ಯಾವ ತಾಯಿ?”

“ನೀವೇ” ಅಂದಳು ಮರ್ಸಿ. “ಅಮಾಯಿ ಅಂದರೆ ತಾಯಿ ಅಲ್ಲವೇ?”

ಮುಡಿದಿದ್ದ ಕಾಗದದ ಹೂವು ಒಮ್ಮೆಲೇ ಭಾರವಾಯಿತು. ನಾಲ್ಕು ದಿನ ಜಿಗಿದಾಡಿದ್ದೆಲ್ಲ ಕಣ್ಣ ಮುಂದೆ ಬಂದು ಕಿವಿ ಸುಟ್ಟಿತು. ಅದಕ್ಕಿಂತ ಹೆಚ್ಚಾಗಿ, ಎಪ್ಪತ್ತು ದಾಟಿದ ಹೆಂಗಸು ನನ್ನ ಮುಂದೆ ಮಂಡಿ ಊರಿ ತಾಯಿ ಅಂತಿದ್ದಾಳೆ. ಅದು ಅವರ ಮರ್ಯಾದೆಯ ರೀತಿ ಅಂತ ಮರ್ಸಿ ಹೇಳಿದಳು. ನನಗೆ ಮಾತ್ರ ನಿಂತಿರಲು ಆಗಲಿಲ್ಲ. ನಾನೂ ಮಂಡಿ ಊರಿ ಕೂತೆ. ಕೂತ ಮೇಲೆ ಏನು ಮಾಡುವುದೋ ಗೊತ್ತಾಗದೆ, ಮೂಟೆಯಿಂದ ಇನ್ನೊಂದು ಹಿಡಿ ಕಾಯಿ ತೆಗೆದು ನಿಜವಾಗಿಯೂ ಇನ್ನೊಂದು ಸಲ ನೋಡಿದೆ. ಹತ್ತರಲ್ಲಿ ಒಂಬತ್ತು ಒಡೆದಾಗ ಒಳಗೆ ಚೊಕ್ಕವಾಗಿದ್ದವು. ಹಸಿ, ಆದರೆ ಚೊಕ್ಕ. ಕೆಟ್ಟದ್ದನ್ನು ಆರಿಸಿ ತೆಗೆದು, ಉಳಿದದ್ದನ್ನು ಎರಡು ದಿನ ಬಿಸಿಲಿಗೆ ಹರಡಿದರೆ ಆಗುತ್ತದೆ. ಹಾಗೇ ವಾಪಸ್ಸು ಕಳಿಸಿದರೆ ಲಾರಿಯಲ್ಲೇ ಎಲ್ಲಕ್ಕೂ ಬೂಷ್ಟು ಹತ್ತುತ್ತದೆ.

ಸೇಠ್ ಹತ್ತಿರ ಹೋದೆ. ಅವರ ತಾತನ ಕಾಲದಲ್ಲೇ ಗುಜರಾತಿನಿಂದ ಬಂದವರು. ಅವರದು ಅವರ ಹಿಂದಿ, ನನ್ನದು ಚಳ್ಳಕೆರೆ ಸಂತೆಯ ಹಿಂದಿ.

“ಅಂಗಳ ಎರಡು ದಿನ ಬೇಕು” ಅಂದೆ.

“ನಾಳೆ ಲಾರಿಗಳು ಬರುತ್ತವೆ. ಅಂಗಳ ಎಲ್ಲಿಂದ ತರಲಿ? ಬೇಡ ಅಂತ ಬರೆದುಬಿಡಿ, ಮುಗಿಯಿತು. ನಿಮ್ಮನ್ನು ಕರೆಸಿದ್ದು ಅದಕ್ಕೇ.”

“ಬೇಡ ಅನ್ನಾಕೆ ನಾನು ಯಾಕೆ ಬೇಕ್ರಿ? ಅದನ್ನು ಗೇಟಿನವರೂ ಅಂತಾರೆ.”

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ, ಅದೂ ಅರ್ಧ ಕನ್ನಡದಲ್ಲಿ. ಇಪ್ಪತ್ತು ವರ್ಷದಲ್ಲಿ ನಮ್ಮ ಸಾಹುಕಾರರಿಗೆ ಒಮ್ಮೆಯೂ ಎದುರು ಮಾತಾಡಿದವಳಲ್ಲ. ಸೇಠ್ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಸರಿ. ಎರಡು ದಿನ. ಮೂರನೆಯ ದಿನ ಒಂದು ಕಾಯಿ ಹಸಿ ಸಿಕ್ಕರೂ ಕಾಯಿ ಹಳ್ಳಿಗೆ, ನೀವು ಚಳ್ಳಕೆರೆಗೆ.”

ತಮಾಷೆಗೆ ಅಂದರೋ ನಿಜಕ್ಕೋ ಮುಖದಲ್ಲಿ ತಿಳಿಯಲಿಲ್ಲ. ಒಪ್ಪಿಕೊಂಡು ಹೊರಗೆ ಬಂದೆ. ಒಂದೇ ವಾರಕ್ಕೆ ವಾಪಸ್ಸು ಹೋದರೆ ಇಡೀ ಚಳ್ಳಕೆರೆ, ಮಳವಳ್ಳಿಗೇ ಹೋಗಿ ಬಂದಳು ಅನ್ನುತ್ತದೆ.

ಅಂಗಳದ ತುಂಬ ಕಾಯಿ ಹರಡಿದೆವು. ಸುತ್ತ ಕೂತು ಆರಿಸತೊಡಗಿದೆವು. ಹನ್ನೆರಡು ಜನ, ಮರ್ಸಿ, ನಾನು. ಕೈ ಕೆಲಸ ಮಾಡುವಾಗ ಬಾಯಿ ಸುಮ್ಮನಿರುತ್ತದೆಯೇ? ನನ್ನ ಅಮ್ಮಾಯಿ ಕತೆಯನ್ನು ಹೇಳಿಬಿಟ್ಟೆ. ನಮ್ಮವ್ವನ ಭಾಷೆಯಲ್ಲಿ ಅದರ ಅರ್ಥ, ನನ್ನ ಜಡೆ, ಹೂವು, ಅವ್ವ ಕೇಳಿದ ಪ್ರಶ್ನೆ, ಎಲ್ಲ. ಮರ್ಸಿ ಒಂದೊಂದು ಸಾಲನ್ನು ಅವರಿಗೆ ಹೇಳುತ್ತಾ ತಾನೇ ನಗು ತಡೆಯಲಾರದೆ ನಿಲ್ಲಿಸುತ್ತಿದ್ದಳು. ಪೂರ್ತಿ ಕೇಳಿದ ಮೇಲೆ ಆ ಹೆಂಗಸರು ಕಾಯಿಯ ರಾಶಿಯ ಮೇಲೇ ಉರುಳಿದರು. ಫಿರಿ ಮುದುಕಿ ಮಾತ್ರ ನಗಲಿಲ್ಲ. ಯೋಚಿಸಿ ಹೇಳಿದಳು. “ನಿನ್ನ ತಾಯಿಯ ಭಾಷೆ ಒಳ್ಳೆಯದು. ಈ ಎರಡು ದಿನ ನನ್ನನ್ನು ಆ ಭಾಷೆಯಲ್ಲೇ ಕರೆಯಿರಿ.” ಆಮೇಲೆ ಹೂವು ಎಲ್ಲಿ ಸಿಕ್ಕಿತು ಅಂತ ಕೇಳಿ, ತಾನೂ ಎರಡು ಕಿತ್ತು ಕಿವಿಗೆ ಸಿಕ್ಕಿಸಿಕೊಂಡಳು.

ಎರಡನೆಯ ದಿನ ಮಧ್ಯಾಹ್ನ ಮೋಡ ಬಂತು. ಆ ಕಾಲದಲ್ಲಿ ಅಲ್ಲಿ ಜೋರು ಮಳೆಯಿಲ್ಲ, ಹಿಟ್ಟು ಜರಡಿ ಹಿಡಿದಂತೆ ತುಂತುರು ಮಾತ್ರ. ನಮಗೆ ಅಷ್ಟು ಸಾಕಾಗಿತ್ತು. ಎಲ್ಲರೂ ಎದ್ದು ಕೂಗುತ್ತಾ ಓಡಿದೆವು. ತಾಡಪಾಲು ಎರಡೇ ಇತ್ತು. ನಾನು ಕೋಣೆಗೆ ಓಡಿ ಹಾಸಿಗೆಗೆ ಹೊದಿಸಿದ್ದ ಪ್ಲಾಸ್ಟಿಕ್ ಕಿತ್ತು ತಂದೆ. ಬಂದ ಅವರು ಲಾರಿಯ ತಾಡಪಾಲನ್ನೇ ಬಿಚ್ಚಿದರು. ಒಂದು ಮೂಲೆ ಗಾಳಿಗೆ ಎದ್ದು ಪಟಪಟ ಅನ್ನುತ್ತಿತ್ತು, ಯಾರೋ ಬಂದು ಅದನ್ನು ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತರು. ನೋಡಿದರೆ ಸೇಠ್. ಬಿಳೀ ಪ್ಯಾಂಟು, ತಲೆಯ ಮೇಲೆ ಕರವಸ್ತ್ರ. “ನನ್ನನ್ನು ಏನು ನೋಡುತ್ತೀರಿ? ಆ ಕಡೆ ಮೂಲೆ ಹಿಡೀರಿ!” ಅಂತ ಬೈದರು. ಅರ್ಧ ಗಂಟೆ ಹಾಗೇ ಕೂತೆವು, ಮಾಲೀಕರು, ಮೇಲ್ವಿಚಾರಕರು, ಹದಿನಾಲ್ಕು ಅಮ್ಮಾಯಿಯರು. ಆಮೇಲೆ ಮೋಡ ತನಗೇನೂ ಗೊತ್ತಿಲ್ಲ ಅನ್ನುವಂತೆ ಹೋಯಿತು.

ಮೂರನೆಯ ದಿನ ಹೊತ್ತು ಏರಿ ಕಾಯಿ ಬಿಸಿಯಾದ ಮೇಲೆ ಮರ್ಸಿಯನ್ನು ಮುಂದೆ ಬಿಟ್ಟೆ. ಕಲಿಸಲು ಬಂದವಳು ನಾನು, ನೋಡಬೇಕಾದವಳು ಅವಳು. ಅವಳು ಹತ್ತು ಕಡೆ ಕೈ ಹಾಕಿ ಹತ್ತು ಕಾಯಿ ತೆಗೆದು, ಕಣ್ಣು ಮುಚ್ಚಿ, ಒಂದೊಂದನ್ನೇ ಕಿವಿಗೆ ಹಿಡಿದಳು. ಲೊಟಲೊಟ ಅಂದದ್ದು ನನಗೂ ಕೇಳಿಸಿತು. ಆರಿಸಿ ತೆಗೆದ ಕೆಟ್ಟ ಕಾಯಿ ಎರಡು ಬುಟ್ಟಿಯಾಗಿತ್ತು. ಅದನ್ನು ಸುಡಲು ಒಯ್ದರು. ಉಳಿದದ್ದಕ್ಕೆ ಮರ್ಸಿ ತನ್ನ ಕೈಯಾರೆ ‘ಸರಿ ಇದೆ’ ಅಂತ ಬರೆದು, ಸೇಠ್ ಹತ್ತಿರ ಕೊಟ್ಟು ಬಂದಳು. ಅವರು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ರುಜು ಹಾಕಿದರಂತೆ.

ಆಗ ಹೆಂಗಸರು ಕೂಗಿದರು. ಅದು ಕೂಗಲ್ಲ, ಹಾಡೂ ಅಲ್ಲ. ಮದುವೆಯಲ್ಲಿ, ಹೆರಿಗೆಯಾದಾಗ ಅಲ್ಲಿಯ ಹೆಂಗಸರು ಎತ್ತುವ ದನಿಯಂತೆ. ಬಾಯಿ ತೆರೆದು ನಾಲಿಗೆಯನ್ನು ಆ ಕಡೆ ಈ ಕಡೆ ಸರಸರ ಆಡಿಸುತ್ತಾರೆ. ‘ಲುಲುಲುಲು’ ಅಂತ ಅದು ಗಿರಣಿಯ ಸೂರಿಗೆ ತಾಗಿ ತಿರುಗಿ ಬರುತ್ತದೆ. ಫಿರಿ ಮುದುಕಿ ನನ್ನ ಮೊಣಕೈಗೆ ತಿವಿದು, ನೀನೂ ಅಂತ ಸನ್ನೆ ಮಾಡಿದಳು. ಚಳ್ಳಕೆರೆಯಲ್ಲಿ ಪಕ್ಕದ ಮನೆಗೆ ಕೇಳಿಸುವ ಹಾಗೆ ಸೀನಿದವಳೂ ಅಲ್ಲ ನಾನು. ಕಣ್ಣು ಮುಚ್ಚಿ, ಬಾಯಿ ತೆರೆದು, ಇದ್ದ ಉಸಿರನ್ನೆಲ್ಲ ಬಿಟ್ಟೆ.

ಅಂಥ ಸದ್ದು ನನ್ನೊಳಗೆ ಎಲ್ಲಿ ಅಡಗಿತ್ತೋ! ಗಿರಣಿಯ ಒಳಗಿಂದ ಬಂದ ಅವರು ಓಡಿ ಬಂದರು, ಕೈಯಲ್ಲಿ ಬೆಂಕಿ ಆರಿಸುವ ಮರಳಿನ ಬಕೆಟ್ಟು. “ಬಾಯ್ಲರ್ ಏನಾಯ್ತು?” ಅಂದರು.

ಮರ್ಸಿ ನನ್ನ ಕಡೆ ಬೊಟ್ಟು ಮಾಡಿ ತೋರಿಸಿದಳು. ಅವರು ನನ್ನನ್ನು ನೋಡಿದರು, ಬಕೆಟ್ಟು ನೋಡಿಕೊಂಡರು, ಅದನ್ನು ನಿಧಾನಕ್ಕೆ ಕೆಳಗಿಟ್ಟು, ಹೋಗಿ ಸೇಠ್ ಕೋಣೆಯ ಬಾಗಿಲು ಮುಚ್ಚಿ ಬಂದರು.

“ಈಗ ಮಾಡಿ” ಅಂದರು.

ಇನ್ನೊಮ್ಮೆ ಮಾಡಿದೆವು.